ಹೆಸರು ಹಿಡಿದು ಕರೆದರೆ ಓಗೊಡುವ ಯಂತ್ರಗಳು

1998ರಲ್ಲಿ ನಾನು ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಸೇರಿದಾಗ ಅಲ್ಲಿ ಓಡುತ್ತಿದ್ದದ್ದು ನೋವೆಲ್ ನೆಟ್‌ವೇರ್. ಕಪ್ಪು ಕೋಆಕ್ಸಿಯಲ್ ಕೇಬಲ್ಲು ಮೇಜಿನಿಂದ ಮೇಜಿಗೆ ಹಾದುಹೋಗಿತ್ತು, ಎರಡು ತುದಿಗೂ ಟರ್ಮಿನೇಟರ್ ಸಿಕ್ಕಿಸಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಹರಿಹರ, ರಾಣೆಬೆನ್ನೂರು, ಹುಬ್ಬಳ್ಳಿ ಎಂದು ಕೂಗುತ್ತಿರುತ್ತಾನಲ್ಲ, ಹಾಗೆ ಆ ನೆಟ್‌ವೇರ್ ಸರ್ವರ್ 60 ಸೆಕೆಂಡಿಗೊಮ್ಮೆ ತನ್ನ ಹೆಸರನ್ನೂ ತಾನು ಕೊಡುವ ಸೇವೆಯನ್ನೂ ಇಡೀ ಕೇಬಲ್ಲಿಗೆ ಸಾರುತ್ತಿತ್ತು. ಹುಡುಗರು ಬಂದು ಯಂತ್ರ ಆನ್ ಮಾಡಿದರೆ ಸಾಕು, ಸರ್ವರ್ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಕೆಲವು ವರ್ಷಗಳಲ್ಲಿ ನೆಟ್‌ವೇರ್ ಹೋಯಿತು. ಲಿನಕ್ಸ್ ಬಂತು, ಟಿಸಿಪಿ/ಐಪಿ ಬಂತು, ಇಂಟರ್ನೆಟ್ ಬಂತು, ಅವುಗಳ ಹಿಂದೆಯೇ ಒಂದು ಉದ್ದನೆಯ ಲೆಡ್ಜರ್ ಕೂಡ ಬಂತು. 192.168ರಿಂದ ಶುರುವಾಗುವ ವಿಳಾಸಗಳನ್ನು ಅದರಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದೆವು. ಯಂತ್ರವೊಂದು ರಿಪೇರಿಗೆ ಹೋದರೆ ಅಳಿಸುವುದು, ಬೇರೆಯದು ಬಂದರೆ ಮತ್ತೆ ಬರೆಯುವುದು. ಎರಡು ಯಂತ್ರಕ್ಕೆ ಒಂದೇ ವಿಳಾಸ ಬಿದ್ದ ದಿನ ಪ್ರಾಕ್ಟಿಕಲ್ ಪರೀಕ್ಷೆಯಿದ್ದರೆ ಲ್ಯಾಬೇ ಪರದಾಡುತ್ತಿತ್ತು. "ಮೇಡಂ, ಪ್ರಿಂಟರ್ ಸಿಗ್ತಾ ಇಲ್ಲ" ಎಂಬ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ಹಳೆಯ ವ್ಯವಸ್ಥೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಹೊಸ ವ್ಯವಸ್ಥೆಯಲ್ಲಿ ಕೈಯಾರೆ ಮಾಡಬೇಕಾಗಿ ಬಂದದ್ದು ಹೇಗೆ? ಕಳೆದುಹೋದ ಆ ಸೌಕರ್ಯವನ್ನು ಯುನಿಕ್ಸ್ ಬಳಗದ ಯಂತ್ರಗಳಿಗೆ ಮರಳಿ ತಂದವರು ಯಾರು? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ ಇತಿಹಾಸ ಇಲ್ಲಿದೆ. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಎರಡು ಸಾಲನ್ನೂ ಕೊಟ್ಟಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಲೆಡ್ಜರ್ ಇಡುವ ಪದ್ಧತಿ ಇಂಟರ್ನೆಟ್ಟಿನ ಹುಟ್ಟಿನಲ್ಲೇ ಇದೆ. ಅರ್ಪಾನೆಟ್ಟಿನ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ವಿಳಾಸ ಒಂದೇ ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ನಡೆಸುತ್ತಿದ್ದ ಮಾಹಿತಿ ಕೇಂದ್ರ ಆ ಫೈಲನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸುವವರು ಅಲ್ಲಿಗೆ ತಿಳಿಸಬೇಕು, ತಿದ್ದಿದ ಫೈಲನ್ನು ಉಳಿದವರೆಲ್ಲ ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಾದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿ, ಒಂದು ಫೈಲಿನ ಹೊಣೆಯನ್ನು ಲೋಕದ ತುಂಬ ಹಂಚಿದರು. ದೊಡ್ಡ ಜಾಲಕ್ಕೆ ಅದು ಸರಿಯಾದ ಉತ್ತರವೇ. ಆದರೆ ಡಿಎನ್‌ಎಸ್ ಇರಬೇಕಾದರೆ ಅದನ್ನು ನಡೆಸುವ ಸರ್ವರ್ ಬೇಕು, ಸರ್ವರನ್ನು ನೋಡಿಕೊಳ್ಳುವ ಮನುಷ್ಯ ಬೇಕು. ನಾಲ್ಕು ಯಂತ್ರ, ಒಂದು ಪ್ರಿಂಟರ್ ಇರುವ ಕೋಣೆಯಲ್ಲಿ ಆ ಮನುಷ್ಯ ಯಾರು?

ಈ ಪ್ರಶ್ನೆಗೆ ಆ್ಯಪಲ್ ಕಂಪನಿ ಉತ್ತರ ಕೊಟ್ಟದ್ದು ಹಣದ ಲೆಕ್ಕದ ದೆಸೆಯಿಂದ. 1985ರಲ್ಲಿ ಅದು ಮಾರಾಟಕ್ಕೆ ತಂದ ಲೇಸರ್‌ರೈಟರ್ ಪ್ರಿಂಟರಿನ ಬೆಲೆ 6,995 ಡಾಲರ್. ಹಿಂದಿನ ವರ್ಷ ಬಂದಿದ್ದ ಮ್ಯಾಕಿಂತೋಷಿನ ಬೆಲೆ 2,495. ಪ್ರಿಂಟರಿನ ಒಳಗಿದ್ದ ಪ್ರೊಸೆಸರ್ ಕೂಡ ಅದನ್ನು ಬಳಸುವ ಕಂಪ್ಯೂಟರಿಗಿಂತ ವೇಗದ್ದು. ಅಂಥ ಪ್ರಿಂಟರನ್ನು ಒಬ್ಬರ ಮೇಜಿಗೆ ಕಟ್ಟಿಹಾಕಿದರೆ ಯಾರು ಕೊಳ್ಳುತ್ತಾರೆ? ಹತ್ತಾರು ಜನ ಹಂಚಿಕೊಳ್ಳಲೇಬೇಕು. ಅದಕ್ಕೆಂದೇ ಗುರುಶರಣ್ ಸಿಧು ಮತ್ತು ಅವರ ಸಂಗಡಿಗರು ಆ್ಯಪಲ್‌ಟಾಕ್ ಜಾಲವನ್ನು ಕಟ್ಟಿದರು. ವೇಗ ಸೆಕೆಂಡಿಗೆ 230.4 ಕಿಲೋಬಿಟ್. ಇಂದಿನ ಅಳತೆಯಲ್ಲಿ ಅದು ಏನೇನೂ ಅಲ್ಲ. ನಡತೆ ಮಾತ್ರ ಅಚ್ಚುಕಟ್ಟು. ಕೇಬಲ್ ಸಿಕ್ಕಿಸಿದ ಯಂತ್ರ ತಾನೇ ಒಂದು ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ, ಅದು ಬೇರೆ ಯಾರದಾದರೂ ಆಗಿದೆಯೇ ಎಂದು ಜಾಲವನ್ನೇ ಕೇಳುತ್ತದೆ, ಆಗಿದ್ದರೆ ಬೇರೊಂದನ್ನು ಹುಡುಕಿಕೊಳ್ಳುತ್ತದೆ. ಬಳಕೆದಾರ ಚೂಸರ್ ಎಂಬ ಪುಟ್ಟ ಕಿಟಕಿ ತೆರೆದರೆ ಪ್ರಿಂಟರುಗಳ ಹೆಸರು ಸಾಲಾಗಿ ಕಾಣುತ್ತವೆ. ಸಂಖ್ಯೆ ಗೊತ್ತಿರಬೇಕಿಲ್ಲ, ಸರ್ವರ್ ಬೇಕಿಲ್ಲ, ಲೆಡ್ಜರ್ ಬೇಕಿಲ್ಲ.

ಪಿಸಿ ಲೋಕದಲ್ಲೂ ಇದೇ ಬಗೆಯ ಏರ್ಪಾಡುಗಳಿದ್ದವು. ಐಬಿಎಂಗಾಗಿ ಸೈಟೆಕ್ ಕಂಪನಿ ಮಾಡಿಕೊಟ್ಟ ನೆಟ್‌ಬಯಾಸ್, ನೋವೆಲ್ ಸರ್ವರುಗಳ ಸಾರೋಲೆ, ವಿಂಡೋಸ್ 95ರ ನೆಟ್‌ವರ್ಕ್ ನೇಬರ್‌ಹುಡ್ ಎಲ್ಲವೂ ಆ ಜಾತಿಯವೇ. ಆದರೆ ಒಂದು ಮನೆತನದ ಯಂತ್ರದ ಮಾತು ಇನ್ನೊಂದು ಮನೆತನಕ್ಕೆ ತಿಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಇಂಟರ್ನೆಟ್ ಎಲ್ಲರನ್ನೂ ಐಪಿಗೆ ಎಳೆದುಕೊಂಡು ಬಂದಾಗ ಆಯಾ ಮನೆತನದ ಸೌಕರ್ಯ ಹಿಂದೆಯೇ ಉಳಿಯಿತು. ಎಲ್ಲರಿಗೂ ಒಂದೇ ಭಾಷೆ ಸಿಕ್ಕಿತು, ಆ ಭಾಷೆಯಲ್ಲಿ "ಇಲ್ಲಿ ಯಾರಿದ್ದೀರಿ?" ಎಂದು ಕೇಳುವ ವಾಕ್ಯ ಮಾತ್ರ ಇರಲಿಲ್ಲ. ನಮ್ಮ ದಾವಣಗೆರೆಯ ಲೆಡ್ಜರ್ ಹುಟ್ಟಿದ್ದು ಆ ಕೊರತೆಯಿಂದ.

ಆ ಕೊರತೆಯನ್ನು ಗಟ್ಟಿಯಾಗಿ ಹೇಳಿದವರು ಸ್ಟುವರ್ಟ್ ಚೆಷೈರ್. ಜಾಲದ ಮೇಲೆ ಹಲವರು ಕೂಡಿ ಆಡುವ ಬೋಲೋ ಎಂಬ ಟ್ಯಾಂಕ್ ಆಟವನ್ನು ಬರೆದವರು, ಸ್ಟ್ಯಾನ್‌ಫರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದವರು. ಆ್ಯಪಲ್‌ಟಾಕ್‌ನಲ್ಲಿದ್ದ ಸುಲಭವನ್ನು ಐಪಿಗೂ ತರಬಹುದಲ್ಲ ಎಂದು 1997ರಲ್ಲೇ ವಾದ ಹೂಡಿದರು. 1999ರಲ್ಲಿ, ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವ ಐಇಟಿಎಫ್ ಸಂಘಟನೆಯಲ್ಲಿ ಝೀರೋಕಾನ್ಫ್ ಎಂಬ ಕಾರ್ಯತಂಡ ಶುರುವಾಯಿತು. ಅದರ ಮುಂದಾಳುಗಳು ಚೆಷೈರ್ ಮತ್ತು ಎರಿಕ್ ಗುಟ್‌ಮನ್. ಅವರ ಮುಂದೆ ಮೂರು ಕೆಲಸಗಳಿದ್ದವು: ಯಾರೂ ಕೊಡದೆಯೇ ಯಂತ್ರಕ್ಕೆ ವಿಳಾಸ ಸಿಗಬೇಕು, ಡಿಎನ್‌ಎಸ್ ಸರ್ವರ್ ಇಲ್ಲದೆಯೇ ಹೆಸರಿನಿಂದ ವಿಳಾಸ ತಿಳಿಯಬೇಕು, ಯಾವ ಸೇವೆ ಎಲ್ಲಿದೆ ಎಂಬುದು ಕಾಣಬೇಕು.

ಮೊದಲನೆಯದಕ್ಕೆ 169.254 ಎಂದು ಶುರುವಾಗುವ ವಿಳಾಸಗಳನ್ನು ಮೀಸಲಿಟ್ಟರು. ನಿಯಮ ಅಚ್ಚಾದದ್ದು 2005ರ ಮೇ ತಿಂಗಳಲ್ಲಿ. ನಮ್ಮಲ್ಲಿ ಹಾರ್ಡ್‌ವೇರ್ ಹುಡುಗರು ಈ ಸಂಖ್ಯೆ ಕಂಡ ಕೂಡಲೇ "ನೆಟ್‌ವರ್ಕ್ ಇಲ್ಲ" ಎಂದುಬಿಡುತ್ತಾರೆ. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಸಿಗದಿದ್ದಾಗ ಯಂತ್ರ ತಾನೇ ಹುಡುಕಿಕೊಂಡ ನೆಲೆ ಅದು. ಒಂದೇ ಸ್ವಿಚ್ಚಿಗೆ ಸೇರಿದ ಎರಡು ಯಂತ್ರಗಳು ಆ ವಿಳಾಸದಲ್ಲೇ ಚೆನ್ನಾಗಿ ಮಾತಾಡಬಲ್ಲವು.

ಎರಡನೆಯ ಮತ್ತು ಮೂರನೆಯ ಕೆಲಸದಲ್ಲಿ ಚೆಷೈರ್ ತೆಗೆದುಕೊಂಡ ತೀರ್ಮಾನ ನನಗೆ ಈ ಇಡೀ ಕಥೆಯಲ್ಲಿ ಬಹಳ ಮೆಚ್ಚುಗೆಯಾದದ್ದು. ಹೊಸ ಭಾಷೆಯೊಂದನ್ನು ಕಟ್ಟುವ ಅವಕಾಶವಿತ್ತು. ಅವರು ಕಟ್ಟಲಿಲ್ಲ. ಮೊಕಾಪೆಟ್ರಿಸರ ಡಿಎನ್‌ಎಸ್ ಸಂದೇಶದ ಅಚ್ಚನ್ನೇ ಉಳಿಸಿಕೊಂಡರು, ಕಳಿಸುವ ವಿಳಾಸವನ್ನಷ್ಟೇ ಬದಲಿಸಿದರು. ಒಂದು ಸರ್ವರಿಗೆ ಹೋಗುತ್ತಿದ್ದ ಪ್ರಶ್ನೆ ಈಗ 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಪೋರ್ಟಿಗೆ ಹೋಗುತ್ತದೆ. ಗುಂಪಿಗೆ ಒಮ್ಮೆಲೇ ಸಂದೇಶ ಕಳಿಸುವ ಮಲ್ಟಿಕಾಸ್ಟ್ ವಿದ್ಯೆಯನ್ನು ಸ್ಟೀವ್ ಡೀರಿಂಗ್ 1989ರಲ್ಲೇ ನಿಯಮವಾಗಿ ಬರೆದಿಟ್ಟಿದ್ದರು. ಅದರಿಂದಲೇ ಈ ಪದ್ಧತಿಗೆ ಮಲ್ಟಿಕಾಸ್ಟ್ ಡಿಎನ್‌ಎಸ್, ಚಿಕ್ಕದಾಗಿ ಎಂಡಿಎನ್‌ಎಸ್ ಎಂಬ ಹೆಸರು. ಹೆಸರು ಡಾಟ್ ಲೋಕಲ್ ಎಂದು ಮುಗಿದರೆ ಆ ಹೆಸರಿನ ಯಂತ್ರವೇ ಉತ್ತರ ಕೊಡುತ್ತದೆ. ಡಿಎನ್‌ಎಸ್‌ನಲ್ಲಿ ಆಗಲೇ ಇದ್ದ ಮೂರು ಬಗೆಯ ದಾಖಲೆಗಳು ಸೇವೆ ಹುಡುಕಲು ಸಾಕಾದವು. ಪಿಟಿಆರ್ ದಾಖಲೆ ಸೇವೆಗಳ ಪಟ್ಟಿ ಕೊಡುತ್ತದೆ, ಎಸ್‌ಆರ್‌ವಿ ದಾಖಲೆ ಯಂತ್ರವನ್ನೂ ಪೋರ್ಟನ್ನೂ ಹೇಳುತ್ತದೆ, ಟಿಎಕ್ಸ್‌ಟಿ ದಾಖಲೆ ಉಳಿದ ವಿವರ ತಿಳಿಸುತ್ತದೆ.

ಈ ಏರ್ಪಾಡು ಎಷ್ಟು ಸಂಕೋಚದಿಂದ ನಡೆದುಕೊಳ್ಳುತ್ತದೆ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ತೋರಿಸುತ್ತೇನೆ. ಆ್ಯಪಲ್‌ಟಾಕ್ ಬಾಯಿಬಡುಕ ಎಂಬ ಆರೋಪ ನೆಟ್‌ವರ್ಕ್ ನೋಡಿಕೊಳ್ಳುವವರಲ್ಲಿ ಬಲವಾಗಿತ್ತು. ಹಾಗಾಗಿ ಹೊಸ ನಿಯಮದಲ್ಲಿ ಮಾತು ಕಡಿಮೆ ಮಾಡುವ ಉಪಾಯಗಳು ತುಂಬಿವೆ. ಯಂತ್ರ ಒಂದು ಹೆಸರನ್ನು ತನ್ನದೆನ್ನುವ ಮೊದಲು 250 ಮಿಲಿಸೆಕೆಂಡಿನ ಅಂತರದಲ್ಲಿ ಮೂರು ಸಲ ಕೇಳುತ್ತದೆ. ಯಾರೂ ತಕರಾರು ಮಾಡದಿದ್ದರೆ ಮಾತ್ರ ಸಾರುತ್ತದೆ. ಪ್ರಶ್ನೆ ಕೇಳುವಾಗ ತನಗೆ ಆಗಲೇ ಗೊತ್ತಿರುವ ಉತ್ತರಗಳನ್ನೂ ಜೊತೆಗೇ ಹೇಳಿಬಿಡುತ್ತದೆ, ಆ ಉತ್ತರದವರು ಸುಮ್ಮನಿರುತ್ತಾರೆ. ಹಲವರು ಉತ್ತರಿಸಬಹುದಾದ ಪ್ರಶ್ನೆಗೆ ಒಬ್ಬೊಬ್ಬರೂ 20ರಿಂದ 120 ಮಿಲಿಸೆಕೆಂಡಿನೊಳಗೆ ಮನಬಂದಷ್ಟು ತಡೆದು ಮಾತಾಡುತ್ತಾರೆ, ಎಲ್ಲರ ದನಿಯೂ ಒಟ್ಟಿಗೆ ಏಳದಿರಲಿ ಎಂದು. ಸೇವೆ ಹುಡುಕುವ ಕಿಟಕಿ ತೆರೆದೇ ಇದ್ದರೆ ಪ್ರಶ್ನೆಗಳ ನಡುವಿನ ಬಿಡುವು ಇಮ್ಮಡಿಯಾಗುತ್ತಾ ಹೋಗಿ ಗಂಟೆಗೊಂದು ಪ್ರಶ್ನೆಗೆ ಬಂದು ನಿಲ್ಲಬಹುದು. ಯಂತ್ರ ಸರಿಯಾಗಿ ಆಫ್ ಆಗುವಾಗ, ಆಯಸ್ಸು ಸೊನ್ನೆ ಎಂದು ಬರೆದ ದಾಖಲೆಯೊಂದನ್ನು ಕಳಿಸಿ ಹೊರಡುತ್ತದೆ, ಉಳಿದವರು ಅದರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಕರೆಂಟು ಹೋಗಿ ದಿಢೀರನೆ ನಿಂತರೆ ಆ ಸಂದೇಶ ಹೊರಡುವುದಿಲ್ಲ. ಅದಕ್ಕೇ ಯಂತ್ರದ ಹೆಸರಿನ ದಾಖಲೆಗೆ 120 ಸೆಕೆಂಡಿನ ಆಯಸ್ಸು. ಕರೆಂಟು ಆಗಾಗ ಹೋಗುವ ನಮ್ಮಂಥ ಊರಿನಲ್ಲಿ ಈ 120ರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಆ್ಯಪಲ್ ಇದನ್ನು 2002ರ ಆಗಸ್ಟಿನಲ್ಲಿ ಮ್ಯಾಕ್ ಓಎಸ್ ಟೆನ್ 10.2ರ ಜೊತೆ ರೆಂಡೆವೂ ಎಂಬ ಹೆಸರಿನಲ್ಲಿ ಹೊರತಂದಿತು. ಅದೇ ಹೆಸರಿನ ತಂತ್ರಾಂಶ ಟಿಬ್ಕೋ ಕಂಪನಿಗೆ ಆಗಲೇ ಇದ್ದುದರಿಂದ ಟ್ರೇಡ್‌ಮಾರ್ಕ್ ವ್ಯಾಜ್ಯವಾಗಿ, 2005ರಲ್ಲಿ ಬಾಂಜೂರ್ ಎಂದು ಬದಲಾಯಿತು. ಪ್ರಿಂಟರ್ ಕಂಪನಿಗಳು ಬೇಗನೆ ಒಪ್ಪಿಕೊಂಡವು. ಐಇಟಿಎಫ್‌ನಲ್ಲಿ ಮಾತ್ರ ಜಗಳ ಮುಗಿಯಲಿಲ್ಲ. ಎಲ್‌ಎಲ್‌ಎಂಎನ್‌ಆರ್ ಎಂಬ ಬೇರೊಂದು ಪದ್ಧತಿ 2007ರಲ್ಲಿ ಪ್ರಕಟವಾಯಿತು, ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ ವಿಸ್ಟಾಕ್ಕೆ ಹಾಕಿಕೊಂಡಿತು. ಹೆಸರನ್ನೇನೋ ಅದು ಬಿಡಿಸುತ್ತಿತ್ತು, ಸೇವೆ ಹುಡುಕುವ ದಾರಿ ಅದರಲ್ಲಿರಲಿಲ್ಲ. ಚೆಷೈರ್ ಮತ್ತು ಮಾರ್ಕ್ ಕ್ರಾಕ್‌ಮಲ್ ಬರೆದ ನಿಯಮಗಳು ಆರ್‌ಎಫ್‌ಸಿ 6762, 6763 ಎಂದು ಅಂಗೀಕಾರವಾಗಿ ಹೊರಬಂದದ್ದು 2013ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಲೋಕ ಅದನ್ನು ಹತ್ತು ವರ್ಷ ಬಳಸಿಯಾಗಿತ್ತು.

ಇನ್ನು ನಮ್ಮ ಲಿನಕ್ಸಿನ ಕಥೆ. ಆ್ಯಪಲ್ ತನ್ನ ಎಂಡಿಎನ್‌ಎಸ್ ರೆಸ್ಪಾಂಡರಿನ ಮೂಲವನ್ನು ಬಚ್ಚಿಟ್ಟಿರಲಿಲ್ಲ, ಎಲ್ಲರಿಗೂ ತೆರೆದಿತ್ತು. ತೊಡಕು ಇದ್ದದ್ದು ಪರವಾನಗಿಯಲ್ಲಿ. ಆ್ಯಪಲ್‌ನ ಸ್ವಂತ ಪರವಾನಗಿಯ ಎರಡನೆಯ ಆವೃತ್ತಿಯನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ವತಂತ್ರ ಎಂದು ಒಪ್ಪಿದರೂ, ಜಿಪಿಎಲ್ ಪರವಾನಗಿಯ ಅಡಿಯಲ್ಲಿರುವ ತಂತ್ರಾಂಶದ ಜೊತೆ ಅದನ್ನು ಬೆರೆಸುವಂತಿರಲಿಲ್ಲ. ಜಿಪಿಎಲ್ ತಂತ್ರಾಂಶಗಳ ಮೇಲೆ ನಿಂತ ಲಿನಕ್ಸ್ ಡೆಸ್ಕ್‌ಟಾಪಿಗೆ ಇದು ದೊಡ್ಡ ಅಡ್ಡಿ. ಆಗ ಜರ್ಮನಿಯಲ್ಲಿ ಲೆನಾರ್ಟ್ ಪೋಟ್ಟರಿಂಗ್ ಫ್ಲೆಕ್ಸ್‌ಎಂಡಿಎನ್‌ಎಸ್ ಎಂಬುದನ್ನು ಮೊದಲಿನಿಂದ ಬರೆಯತೊಡಗಿದ್ದರು. ಆಸ್ಟ್ರೇಲಿಯಾದಲ್ಲಿ ಟ್ರೆಂಟ್ ಲಾಯ್ಡ್ ಅದೇ ಕೆಲಸವನ್ನು ಅವಾಹಿ ಎಂಬ ಹೆಸರಿನಲ್ಲಿ ಶುರು ಮಾಡಿದ್ದರು. ಮಡಗಾಸ್ಕರಿನ ಕಾಡಿನಲ್ಲಿರುವ ಉಣ್ಣೆಮೈಯ ಲೀಮರ್ ಪ್ರಾಣಿಯ ಹೆಸರದು. 2005ರಲ್ಲಿ ಇಬ್ಬರೂ ಒಂದಾದರು: ಹೆಸರು ಲಾಯ್ಡ್ ಅವರದು ಉಳಿಯಿತು, ಪರವಾನಗಿ ಎಲ್‌ಜಿಪಿಎಲ್ ಆಯಿತು. ಮರುವರ್ಷ ಆ್ಯಪಲ್ ತನ್ನ ಪರವಾನಗಿಯನ್ನು ಅಪಾಚೆಗೆ ಬದಲಿಸಿತು. ಮುಂದೆ 2012ರಲ್ಲಿ ಆಂಡ್ರಾಯ್ಡ್ 4.1 ಅದೇ ಮೂಲವನ್ನು ಒಳಗಿಟ್ಟುಕೊಂಡು ಬಂತು. ಆದರೆ ಆ ಹೊತ್ತಿಗೆ ಲಿನಕ್ಸ್ ಮಂದಿ ಅವಾಹಿಯ ಪಾಲಾಗಿದ್ದರು. ಹೊಸದಾಗಿ ಹಾಕಿದ ಯಂತ್ರದಲ್ಲಿ ಯಾವ ಪೋರ್ಟನ್ನೂ ತೆರೆದಿಡಬಾರದು ಎಂಬ ಕಟ್ಟುನಿಟ್ಟು ಇಟ್ಟುಕೊಂಡಿದ್ದ ಉಬುಂಟು ಕೂಡ ಇದಕ್ಕೆ ವಿನಾಯಿತಿ ಕೊಟ್ಟಿತು.

ನಮ್ಮ ಲ್ಯಾಬಿನಲ್ಲಿ ಡೆಬಿಯನ್ ಯಂತ್ರಗಳ ಮೇಲೆ ಇದನ್ನು ಕೂಡಿಸುವ ಕೆಲಸ ಎರಡು ಪ್ಯಾಕೇಜಿನದು. ಒಂದು ಅವಾಹಿ ಡೀಮನ್, ಜಾಲದಲ್ಲಿ ಕೇಳುವ, ಹೇಳುವ ಕೆಲಸ ಅದರದು. ಇನ್ನೊಂದು ಪೋಟ್ಟರಿಂಗ್ ಅವರೇ ಬರೆದ ಎನ್‌ಎಸ್‌ಎಸ್-ಎಂಡಿಎನ್‌ಎಸ್. ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಅವಾಹಿ-ಬ್ರೌಸ್ ಆಜ್ಞೆಗೆ ಯಂತ್ರ ಕಾಣುತ್ತದೆ, ಪಿಂಗ್ ಮಾಡಿದರೆ ಸಿಗುವುದಿಲ್ಲ ಎನ್ನುತ್ತಾರೆ. ಕಾರಣ ಸರಳ. ಹೆಸರು ಬಿಡಿಸಲು ಯಾರನ್ನು ಯಾವ ಸರದಿಯಲ್ಲಿ ಕೇಳಬೇಕು ಎಂಬುದನ್ನು ಯುನಿಕ್ಸ್ ಬಳಗದ ಯಂತ್ರಗಳು ಎನ್‌ಎಸ್‌ಸ್ವಿಚ್ ಎಂಬ ಫೈಲಿನಲ್ಲಿ ನೋಡಿಕೊಳ್ಳುತ್ತವೆ. ಸನ್ ಕಂಪನಿಯ ಸೊಲಾರಿಸ್‌ನಿಂದ ಬಂದ ಪದ್ಧತಿ ಅದು. ಅಲ್ಲಿ ಹೋಸ್ಟ್ಸ್ ಸಾಲಿನಲ್ಲಿ ಮೊದಲು ಸ್ಥಳೀಯ ಫೈಲು, ನಂತರ ಎಂಡಿಎನ್‌ಎಸ್‌ನ ಮಿನಿಮಲ್ ಘಟಕ, ಕೊನೆಗೆ ಡಿಎನ್‌ಎಸ್ ಬರಬೇಕು. ಮಿನಿಮಲ್ ಘಟಕ ಹೆಸರಿನ ವಿಷಯದಲ್ಲಿ ಡಾಟ್ ಲೋಕಲ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಹಾಗಾಗಿ ಹೊರಗಿನ ಜಾಲತಾಣ ತೆರೆಯುವುದು ನಿಧಾನವಾಗುವುದಿಲ್ಲ. ಅದರ ಪಕ್ಕದಲ್ಲೇ ಚೌಕ ಕಂಸದಲ್ಲಿ, ಸಿಗದಿದ್ದರೆ ಅಲ್ಲಿಗೇ ನಿಲ್ಲಿಸು ಎಂಬ ಸೂಚನೆ ಇರುತ್ತದೆ. ಕೋಣೆಯೊಳಗಿನ ಹೆಸರನ್ನು ಹಿಡಿದುಕೊಂಡು ಹೊರಗಿನ ಡಿಎನ್‌ಎಸ್ ಸರ್ವರಿನ ಬಾಗಿಲಿಗೆ ಹೋಗದಂತೆ ಅದು ತಡೆಯುತ್ತದೆ. ಫೈರ್‌ವಾಲಿನಲ್ಲಿ ಯುಡಿಪಿ 5353 ತೆರೆದರೆ ಕೆಲಸ ಮುಗಿಯಿತು.

ಸೇವೆಯನ್ನು ಸಾರಲು ಅವಾಹಿಯ ಸರ್ವಿಸಸ್ ಫೋಲ್ಡರಿನಲ್ಲಿ ಹತ್ತು ಸಾಲಿನ ಎಕ್ಸ್‌ಎಂಎಲ್ ಫೈಲ್ ಬರೆದಿಟ್ಟರೆ ಆಯಿತು. ನನಗೆ ಇದು ಉಪಯೋಗಕ್ಕೆ ಬಂದದ್ದು ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರಿಗೆ. ಯುಎಸ್‌ಬಿ ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಅದನ್ನು ಒಂದು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ, ಕಪ್ಸ್ ಎಂಬ ಮುದ್ರಣ ತಂತ್ರಾಂಶದ ಮೂಲಕ ಹಂಚಿ, ಅವಾಹಿಯಿಂದ ಸಾರಿಸಿದೆ. ಆ್ಯಪಲ್ 2010ರ ನವೆಂಬರಿನಲ್ಲಿ ಐಫೋನಿನಿಂದ ಮುದ್ರಿಸುವ ಏರ್‌ಪ್ರಿಂಟ್ ತಂದಾಗ ಅದೂ ಇದೇ ಎಂಡಿಎನ್‌ಎಸ್ ಮೇಲೆಯೇ ನಿಂತಿತ್ತು. ಸರ್ವಿಸ್ ಫೈಲಿಗೆ ಅದು ಕೇಳುವ ಒಂದೆರಡು ಟಿಎಕ್ಸ್‌ಟಿ ವಿವರಗಳನ್ನು ಸೇರಿಸಿದ ಮೇಲೆ ನಮ್ಮ ಹಳೆಯ 1020 ಪ್ರಿನ್ಸಿಪಾಲರ ಐಫೋನಿನಲ್ಲೂ ಕಾಣಿಸಿಕೊಂಡಿತು.

ಕನ್ನಡತಿಯಾಗಿ ನನಗೆ ಅತಿ ಸಂತೋಷ ಕೊಟ್ಟ ವಿಷಯ ಬೇರೊಂದಿದೆ. ಇಂಟರ್ನೆಟ್ಟಿನ ಯಂತ್ರಗಳ ಹೆಸರಿಗೆ ಬಹುಕಾಲ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಸಲ್ಲುತ್ತಿತ್ತು. ಸೇವೆಯ ಹೆಸರು ಮನುಷ್ಯರು ಓದುವುದಕ್ಕೆ ಇರುವುದು, ಆದ್ದರಿಂದ ಅದು ಯಾವ ಲಿಪಿಯಲ್ಲಿದ್ದರೂ ಆದೀತು ಎಂದು ಚೆಷೈರ್ ಮತ್ತು ಕ್ರಾಕ್‌ಮಲ್ ನಿಯಮ ಮಾಡಿದರು. ಯುಟಿಎಫ್-8ರಲ್ಲಿ 63 ಬೈಟಿನ ಮಿತಿ. ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು, ಒತ್ತು, ಗುಣಿತದ ಗುರುತುಗಳೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಅವಾಹಿಯ ಸರ್ವಿಸ್ ಫೈಲಿನಲ್ಲಿ "ಗ್ರಂಥಾಲಯ ಪ್ರಿಂಟರ್" ಎಂದು ಬರೆದೆ, 49 ಬೈಟು. "ಕನ್ನಡ ವಿಭಾಗದ ಪ್ರಿಂಟರ್" 59 ಬೈಟಾಗಿ ಹಿಡಿಸಿತು. ನಡುವೆ "ಹೊಸ" ಎಂದು ಸೇರಿಸಿದರೆ 69 ಆಗಿ ಮಿತಿ ದಾಟುತ್ತದೆ. ಕನ್ನಡ ವಿಭಾಗದ ಮೇಷ್ಟ್ರು ತಮ್ಮ ವಿಭಾಗದ ಹೆಸರನ್ನು ಪ್ರಿಂಟ್ ಕಿಟಕಿಯಲ್ಲಿ ಓದಿ, "ಇದು ಹೀಗೇ ಇರಲಿ ಮೇಡಂ, ಯಾರು ಹೇಳಿದ್ರೂ ಬದಲಾಯಿಸಬೇಡಿ" ಎಂದರು. ಅದು ಈಗಲೂ ಹಾಗೇ ಇದೆ.

ಈ ಪದ್ಧತಿಗೆ ಎಲ್ಲೆಗಳಿವೆ, ಅವನ್ನು ಮುಚ್ಚಿಡಬಾರದು. 224.0.0.251ಕ್ಕೆ ಹೋದ ಸಂದೇಶ ರೂಟರನ್ನು ದಾಟುವುದಿಲ್ಲ. ಜಾಲವನ್ನು ವಿಎಲ್ಯಾನ್ ಎಂಬ ತುಂಡುಗಳಾಗಿ ಒಡೆದು, ವೈಫೈ ಒಂದರಲ್ಲಿ, ಪ್ರಿಂಟರ್ ಇನ್ನೊಂದರಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಎರಡೂ ಕಡೆ ಕಾಲಿಟ್ಟಿರುವ ಯಂತ್ರದಲ್ಲಿ ಅವಾಹಿಯ ರಿಫ್ಲೆಕ್ಟರ್ ಆಯ್ಕೆ ಆನ್ ಮಾಡಿದರೆ ಸಣ್ಣ ಜಾಲದಲ್ಲಿ ತೊಂದರೆ ನೀಗುತ್ತದೆ. ಸಾವಿರಾರು ಜನರ ಕ್ಯಾಂಪಸ್ಸಿಗೆ ಅದು ಸಾಲದು. ಅಮೆರಿಕದ ವಿಶ್ವವಿದ್ಯಾಲಯಗಳ ನೆಟ್‌ವರ್ಕ್ ಮಂದಿ 2012ರಲ್ಲಿ ಆ್ಯಪಲ್‌ಗೆ ಮನವಿ ಬರೆದದ್ದು ಇದೇ ಕಾರಣಕ್ಕೆ, ಅದಾದ ಮೇಲೆ ಐಇಟಿಎಫ್‌ನಲ್ಲಿ ಮತ್ತೊಂದು ಕಾರ್ಯತಂಡ ಕೂತಿತು. ಡಾಟ್ ಲೋಕಲ್ ಹೆಸರಿನ ಘರ್ಷಣೆಯೂ ಇದೆ. ಕಚೇರಿಯ ಒಳಜಾಲಕ್ಕೆ ಆ ಹೆಸರಿಡಿ ಎಂದು ಮೈಕ್ರೋಸಾಫ್ಟ್ ಒಂದು ಕಾಲದಲ್ಲಿ ಸಲಹೆ ಕೊಟ್ಟಿತ್ತು, ಹಾಗೆ ಮಾಡಿದ ಕಡೆಗಳಲ್ಲಿ ಎರಡೂ ತಿಕ್ಕಾಡುತ್ತವೆ. ಇನ್ನು, ಯಾರು ಯಾವ ಹೆಸರು ಹೇಳಿಕೊಂಡರೂ ನಂಬುವ ಏರ್ಪಾಡು ಇದು. ಅದಕ್ಕಾಗಿ ಅವಾಹಿಯನ್ನೇ ತೆಗೆದುಹಾಕಬೇಕಿಲ್ಲ. ಅಪರಿಚಿತರು ಬಂದು ಹೋಗುವ ವೈಫೈಯನ್ನು ಬೇರೆ ಮಾಡಿ.

ಲಿನಕ್ಸ್ ಹಾಕಿದ ಕೂಡಲೇ ಅವಾಹಿಯನ್ನು ನಿಲ್ಲಿಸಿಬಿಡಿ ಎನ್ನುವ ಸಲಹೆ ನಮ್ಮ ಲ್ಯಾಬುಗಳಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ನಿಂತ ಸರ್ವರಿಗೆ ಆ ಮಾತು ಸರಿ. ಲ್ಯಾಬಿನ, ಶಾಲೆಯ, ಮನೆಯ ಯಂತ್ರಕ್ಕೆ ಅದು ತಪ್ಪು ಸಲಹೆ. ಕಂಪ್ಯೂಟರ್ ಪಾಠ ಹೇಳುವ ಗೆಳೆಯ ಗೆಳತಿಯರಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಒಂದು ತರಗತಿಯನ್ನು ಇದಕ್ಕೆ ಕೊಡಿ. ಜಾಲದ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು 5353ನೇ ಪೋರ್ಟಿನ ಮೇಲೆ ಕಣ್ಣಿಡಲು ಹೇಳಿ, ಒಂದು ಯಂತ್ರವನ್ನು ಆನ್ ಮಾಡಿಸಿ, ಆಫ್ ಮಾಡಿಸಿ, ಎರಡು ಯಂತ್ರಕ್ಕೆ ಬೇಕೆಂದೇ ಒಂದೇ ಹೆಸರಿಡಿಸಿ. ಆಮೇಲೆ ಆರ್‌ಎಫ್‌ಸಿ 6762 ಓದಲು ಕೊಡಿ. 70 ಪುಟದ ಬರಹ, ಎಲ್ಲರಿಗೂ ಉಚಿತವಾಗಿ ಸಿಗುತ್ತದೆ, ಡಿಪ್ಲೊಮಾ ಓದುವ ಹುಡುಗಿಗೂ ಅರ್ಥವಾಗುವಷ್ಟು ತಿಳಿಯಾಗಿದೆ.